ಆರ್ಥೋ ಟೆಕ್ನಿಷಿಯನ್ ಪರೀಕ್ಷೆಗೆ ಆರು ವಾರ ಇದೆ. ಕೈಗೆ ಬರುತ್ತದೆ, ಬಾಯಿಗೆ ಬರುತ್ತಿಲ್ಲ

ಬೆಟ್ಟದ ಹುಡುಗಿ:

ಎಲ್ಲರಿಗೂ ನಮಸ್ಕಾರ. ನಾನು ತಾಳವಾಡಿ ಕಡೆಯವಳು. ನಮ್ಮದು ಈರೋಡ್ ಜಿಲ್ಲೆ, ಆದರೆ ಮನೆ ಮಾತು ಕನ್ನಡ. ಶಾಲೆ ಓದಿದ್ದೂ ಕನ್ನಡದಲ್ಲೇ. ತಮಿಳುನಾಡಿನ ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲಿ ಆರ್ಥೋಪೆಡಿಕ್ ಟೆಕ್ನಿಷಿಯನ್ ಎಂಬ ಒಂದು ವರ್ಷದ ಸರ್ಟಿಫಿಕೇಟ್ ಕೋರ್ಸ್ ಇದೆ. ಅದನ್ನೇ ಮಾಡುತ್ತಿದ್ದೇನೆ. ಪರೀಕ್ಷೆಗೆ ಇನ್ನು ಆರು ವಾರ ಉಳಿದಿದೆ.

ಪ್ಲಾಸ್ಟರ್ ರೂಮಿನಲ್ಲಿ ನನಗೆ ಭಯ ಇಲ್ಲ. ದಿನಾ ಸ್ಲ್ಯಾಬ್ (ಸುತ್ತ ಮುಚ್ಚದೆ ಒಂದು ಬದಿಗೆ ಇಡುವ ಪ್ಲಾಸ್ಟರ್ ಪಟ್ಟಿ) ಹಾಕುತ್ತೇನೆ, ಪ್ಲಾಸ್ಟರ್ ಕತ್ತರಿಸುತ್ತೇನೆ, ಟ್ರ್ಯಾಕ್ಷನ್, ಅಂದರೆ ಮುರಿದ ಮೂಳೆಯನ್ನು ತೂಕದಿಂದ ಎಳೆದಿಡುವ ಕಟ್ಟು, ಕಟ್ಟಲು ನೆರವಾಗುತ್ತೇನೆ. ನನ್ನ ಕೈ ನೀಟಾಗಿದೆ ಅಂತ ಸೀನಿಯರ್ ಅಣ್ಣ ಹೇಳುತ್ತಾರೆ. ತೊಂದರೆ ಇರುವುದು ಪ್ರಶ್ನೆ ಕೇಳಿದಾಗ. ಹೋದ ವಾರ ಮಾದರಿ ವೈವಾ (ಬಾಯಿ ಪರೀಕ್ಷೆ) ಇತ್ತು. ಕೋಲೀಸ್ ಫ್ರ್ಯಾಕ್ಚರ್‌ಗೆ ಮಣಿಕಟ್ಟನ್ನು ಯಾಕೆ ಅಂಗೈ ಕಡೆಗೆ ಬಾಗಿಸುತ್ತೀಯ ಅಂತ ಕೇಳಿದರು. ಬಾಗಿಸಬೇಕು ಅಂತ ಗೊತ್ತು. ಯಾಕೆ ಅಂತ ಗೊತ್ತಿಲ್ಲ. ಸುಮ್ನೆ ನಿಂತೆ. ಹಾಸ್ಟೆಲ್‌ಗೆ ಬಂದು ಅತ್ತೆ.

ಉತ್ತರ ಇಂಗ್ಲಿಷ್‌ನಲ್ಲಿ ಬರೆಯಬೇಕು. ಪುಸ್ತಕದ ಒಂದು ಪುಟ ಓದಲು ನನಗೆ ಅರ್ಧ ಗಂಟೆ ಬೇಕು. ಆರು ವಾರದಲ್ಲಿ ಏನನ್ನು ಹಿಡಿಯಲಿ, ಏನನ್ನು ಬಿಡಲಿ? ಈ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಹಳೇ ಕೈ:

ತಂಗಿ, ಮೊದಲು ಒಂದು ಮಾತು. ಕೈಗೆ ಬಂದಿದೆ ಅಂದರೆ ಮುಕ್ಕಾಲು ಪಾಲು ಮುಗಿದಿದೆ. ಧಾರವಾಡ ಕಡೆ 28 ವರ್ಷ ಪ್ಲಾಸ್ಟರ್ ರೂಮಿನಲ್ಲಿದ್ದವನು ನಾನು. ಎಷ್ಟೋ ಹುಡುಗರು ಪುಸ್ತಕ ಬಾಯಿಪಾಠ ಮಾಡಿ ಬಂದು, ಬಕೆಟ್‌ನಿಂದ ಬ್ಯಾಂಡೇಜ್ ಯಾವಾಗ ಎತ್ತಬೇಕು ಅಂತ ಗೊತ್ತಿಲ್ಲದೆ ನಿಂತಿದ್ದನ್ನು ನೋಡಿದ್ದೇನೆ. ಆ ಕಡೆಯಿಂದ ಈ ಕಡೆಗೆ ಬರುವುದು ಕಷ್ಟ. ನೀವು ಬರಬೇಕಾದ ದಾರಿ ಸುಲಭ.

ಓದುವುದನ್ನು ಪುಸ್ತಕದ ಮೊದಲ ಪುಟದಿಂದ ಶುರು ಮಾಡಬೇಡಿ. ಇವತ್ತು ನೀವು ಹಾಕಿದ ಪ್ಲಾಸ್ಟರ್‌ನಿಂದ ಶುರು ಮಾಡಿ. ರಾತ್ರಿ ನೋಟ್‌ಬುಕ್ ತೆಗೆದು ಆ ಒಂದು ಪ್ಲಾಸ್ಟರ್ ಬಗ್ಗೆ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಯಾವ ಮೂಳೆ ಮುರಿದಿದೆ? ಮುರಿದ ತುಂಡು ಯಾವ ಕಡೆಗೆ ಹೋಗಿದೆ? ನನ್ನ ಪ್ಲಾಸ್ಟರ್ ಅದನ್ನು ಹೇಗೆ ತಡೆಯುತ್ತದೆ? ನಾನು ತಪ್ಪಿದರೆ ಯಾವ ನರಕ್ಕೆ, ಯಾವ ರಕ್ತನಾಳಕ್ಕೆ ಪೆಟ್ಟು?

ಕೋಲೀಸ್ ತೆಗೆದುಕೊಳ್ಳಿ. ಅಜ್ಜಿ ಬಚ್ಚಲಲ್ಲಿ ಜಾರಿ ಅಂಗೈ ಊರಿ ಬೀಳುತ್ತಾರೆ. ಮುಂಗೈಯಲ್ಲಿ ಹೆಬ್ಬೆರಳಿನ ಕಡೆ ಇರುವ ರೇಡಿಯಸ್ ಮೂಳೆ ಮಣಿಕಟ್ಟಿನ ಹತ್ತಿರ ಮುರಿಯುತ್ತದೆ. ತುಂಡು ಕೈಯ ಹಿಂಬದಿಗೆ ಹೋಗುತ್ತದೆ, ಹೆಬ್ಬೆರಳಿನ ಕಡೆಗೂ ಸರಿಯುತ್ತದೆ. ಪಕ್ಕದಿಂದ ನೋಡಿದರೆ ಊಟದ ಫೋರ್ಕ್ ಹಾಗೆ ಕಾಣುತ್ತದೆ. ಈಗ ನೀವೇ ಯೋಚಿಸಿ. ತುಂಡು ಹಿಂದಕ್ಕೆ ಹೋಗಿದ್ದರೆ ನಾವು ಅದನ್ನು ಮುಂದಕ್ಕೆ, ಅಂದರೆ ಅಂಗೈ ಕಡೆಗೆ ಒತ್ತಬೇಕು. ಹೆಬ್ಬೆರಳಿನ ಕಡೆ ಸರಿದಿದ್ದರೆ ಕಿರುಬೆರಳಿನ ಕಡೆಗೆ ತಿರುಗಿಸಬೇಕು. ಅಷ್ಟೇ ಕಾರಣ. ಮೂಳೆ ಓಡಿದ ದಿಕ್ಕಿಗೆ ಎದುರು ದಿಕ್ಕು.

ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ಹಾಗಾದರೆ ಪೂರ್ತಿ ಬಾಗಿಸಿದರೆ ಇನ್ನೂ ಒಳ್ಳೆಯದಲ್ಲವಾ? ಅಲ್ಲ. ಜಾಸ್ತಿ ಬಾಗಿಸಿದರೆ ಮಣಿಕಟ್ಟಿನ ನಡುವೆ ಹೋಗುವ ಮೀಡಿಯನ್ ನರ ಅದುಮಿಕೊಳ್ಳುತ್ತದೆ. ಬೆರಳು ಜೋಮು ಹಿಡಿಯುತ್ತದೆ, ಆಮೇಲೆ ಬಿಗಿಯುತ್ತದೆ. ಸ್ವಲ್ಪವೇ ಬಾಗಬೇಕು. ಪ್ಲಾಸ್ಟರ್ ಅಂಗೈಯ ಮಡಿಕೆಯ ಹತ್ತಿರ ನಿಲ್ಲಬೇಕು. ಬೆರಳ ಬುಡದ ಕೀಲುಗಳು ಪೂರ್ತಿ ಮಡಚಲು ಬರಬೇಕು. ಹೆಬ್ಬೆರಳು ಸ್ವತಂತ್ರವಾಗಿರಬೇಕು.

ಇನ್ನೊಂದು ವಿಷಯ. ಅಬ್ರಹಾಂ ಕೋಲೀಸ್ ಡಬ್ಲಿನ್‌ನ ವೈದ್ಯರು. ಈ ಮುರಿತವನ್ನು ಅವರು ವಿವರಿಸಿದ್ದು 1814ರಲ್ಲಿ. ಎಕ್ಸ್‌ರೇ ಬಂದದ್ದು 1895ರಲ್ಲಿ. ಅಂದರೆ 81 ವರ್ಷ ಮೊದಲೇ, ಎಕ್ಸ್‌ರೇ ಇಲ್ಲದೆ, ಕೈಯ ಆಕಾರ ನೋಡಿ, ಮುಟ್ಟಿ ಹೇಳಿದ್ದಾರೆ. ನನಗೆ ಇದು ಗೊತ್ತಾದಾಗ ನನ್ನ ಕೆಲಸದ ಮೇಲೆ ಗೌರವ ಹೆಚ್ಚಾಯಿತು. ನಮ್ಮ ವಿದ್ಯೆ ಶುರುವಾಗಿದ್ದೇ ಕೈಯಿಂದ.

ಬೆಟ್ಟದ ಹುಡುಗಿ:

ಅಣ್ಣಾ, ಓದಿ ಕಣ್ಣು ತುಂಬಿ ಬಂತು. ಇಷ್ಟು ಸರಳವಾಗಿ ಯಾರೂ ಹೇಳಿರಲಿಲ್ಲ. ಇವತ್ತು ಹಾಕಿದ ಮೂರು ಪ್ಲಾಸ್ಟರ್ ಬರೆದಿದ್ದೇನೆ. ಮಣಿಕಟ್ಟಿನ ಸಣ್ಣ ಮೂಳೆಯಾದ ಸ್ಕೇಫಾಯ್ಡ್‌ಗೆ ಲೋಟ ಹಿಡಿದ ಹಾಗೆ ಕೈ ಇಡಿಸುತ್ತೇವೆ, ಅದು ಸರಿ ಇದೆಯಾ? ಆ ಹುಡುಗನಿಗೆ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಆದರೂ ಡಾಕ್ಟರ್ ಪ್ಲಾಸ್ಟರ್ ಹಾಕಿಸಿದರು. ಯಾಕೆ ಅಂತ ಹುಡುಗನ ಅಪ್ಪ ನನ್ನನ್ನೇ ಕೇಳಿದರು. ಏನು ಹೇಳಬೇಕೋ ತಿಳಿಯಲಿಲ್ಲ.

ಆರ್ಥೋ ಪಿಜಿ:

ನಾನು ಆರ್ಥೋ ಎಂಎಸ್ ಮಾಡುತ್ತಿದ್ದೇನೆ, ಎರಡನೇ ವರ್ಷ. ಇದಕ್ಕೆ ಉತ್ತರ ಹೇಳುತ್ತೇನೆ. ಹೆಬ್ಬೆರಳನ್ನು ಮೇಲಕ್ಕೆ ಚಾಚಿದಾಗ ಬುಡದಲ್ಲಿ ಒಂದು ಸಣ್ಣ ಗುಳಿ ಬೀಳುತ್ತದಲ್ಲ, ಅಲ್ಲಿ ಒತ್ತಿದರೆ ನೋವಿದ್ದರೆ ಸ್ಕೇಫಾಯ್ಡ್ ಮುರಿದಿರಬಹುದು ಅಂತ ಅನುಮಾನ. ಈ ಮೂಳೆಯ ಸಣ್ಣ ಬಿರುಕು ಮೊದಲ ದಿನದ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದಿಲ್ಲ. ಅದಕ್ಕೆ ಪ್ಲಾಸ್ಟರ್ ಹಾಕಿ 10ರಿಂದ 14 ದಿನ ಬಿಟ್ಟು ಮತ್ತೆ ಎಕ್ಸ್‌ರೇ ತೆಗೆಯುತ್ತೇವೆ. ಈ ಮೂಳೆಗೆ ರಕ್ತ ಹೋಗುವುದು ಬೆರಳಿನ ಕಡೆಯ ತುದಿಯಿಂದ. ನಡುವೆ ಮುರಿದರೆ ಮುಂಗೈ ಕಡೆಯ ತುಂಡು ರಕ್ತ ಸಿಗದೆ ಸಾಯಬಹುದು. ಆದ್ದರಿಂದ ಅನುಮಾನ ಇದ್ದರೂ ಬಿಡುವುದಿಲ್ಲ. ಆ ಅಪ್ಪನಿಗೆ ಇಷ್ಟು ಹೇಳಿದರೆ ಸಾಕು: ಈಗ ಕಾಣದ ಬಿರುಕು ಎರಡು ವಾರದಲ್ಲಿ ಕಾಣಬಹುದು, ಅಲ್ಲಿವರೆಗೆ ಕಾಪಾಡುತ್ತಿದ್ದೇವೆ.

ಲೋಟ ಹಿಡಿದ ಹಾಗೆ ಅನ್ನುವುದು ಸರಿ.

ಟ್ರ್ಯಾಕ್ಷನ್ ಪಿನ್, ಅಂದರೆ ಎಳೆಯಲು ಮೂಳೆಗೆ ಅಡ್ಡಲಾಗಿ ತೂರಿಸುವ ಕಂಬಿಯ ಬಗ್ಗೆ ನಿಮ್ಮಲ್ಲಿ ಖಂಡಿತ ಕೇಳುತ್ತಾರೆ. ಪಿನ್ ಯಾವ ಕಡೆಯಿಂದ ಹಾಕುತ್ತಾರೆ ಅನ್ನುವುದನ್ನು ಎಲ್ಲರೂ ಪಟ್ಟಿ ಮಾಡಿ ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ತಿರುಗಾಮುರುಗಾ ಬರೆಯುತ್ತಾರೆ. ಒಂದೇ ಕಾರಣ ನೆನಪಿಡಿ. ಅಪಾಯದ ನರ ಅಥವಾ ರಕ್ತನಾಳ ಯಾವ ಕಡೆ ಇದೆಯೋ ಆ ಕಡೆಯಿಂದಲೇ ಪಿನ್ ಒಳಗೆ ಹೋಗಬೇಕು. ಒಳಗೆ ಹೋಗುವ ಜಾಗ ನಮ್ಮ ಕಣ್ಣೆದುರು ಇರುತ್ತದೆ. ಹೊರಗೆ ಬರುವ ಜಾಗ ನಮ್ಮ ಹಿಡಿತದಲ್ಲಿ ಇರುವುದಿಲ್ಲ. ಮೊಣಕಾಲ ಕೆಳಗೆ ಟಿಬಿಯಾದಲ್ಲಿ ಕಾಮನ್ ಪೆರೋನಿಯಲ್ ನರ ಹೊರಬದಿಯಲ್ಲಿದೆ, ಹಾಗಾಗಿ ಹೊರಗಿನಿಂದ ಒಳಬದಿಗೆ. ತೊಡೆ ಮೂಳೆಯ ಕೆಳತುದಿಯಲ್ಲಿ ದೊಡ್ಡ ರಕ್ತನಾಳ ಒಳಬದಿಯಲ್ಲಿದೆ, ಹಾಗಾಗಿ ಒಳಗಿನಿಂದ ಹೊರಬದಿಗೆ. ಹಿಮ್ಮಡಿಯಲ್ಲೂ ಒಳಗಿನಿಂದ. ಮೊಣಕೈಯಲ್ಲಿ ಅಲ್ನಾರ್ ನರ ಒಳಬದಿ, ಅಲ್ಲೂ ಒಳಗಿನಿಂದ.

ಮಂಚದ ಕಾಲ ಕಡೆಯನ್ನು ಯಾಕೆ ಎತ್ತುತ್ತೇವೆ ಅಂತಲೂ ಕೇಳುತ್ತಾರೆ. ತೂಕ ಎಳೆಯುತ್ತಿದ್ದರೆ ರೋಗಿಯೇ ಕೆಳಗೆ ಜಾರುತ್ತಾರೆ. ಮಂಚ ಎತ್ತಿದರೆ ಅವರ ಮೈಭಾರವೇ ಎದುರು ಎಳೆತ ಆಗುತ್ತದೆ. ತೂಕದ ಚೀಲ ನೆಲಕ್ಕೆ ತಾಗಿದ್ದರೆ ಟ್ರ್ಯಾಕ್ಷನ್ ಇದ್ದೂ ಇಲ್ಲ. ರೌಂಡ್ಸ್‌ನಲ್ಲಿ ನಾನು ದಿನಾ ಮೊದಲು ನೋಡುವುದು ಅದನ್ನೇ. ಚರ್ಮದ ಟ್ರ್ಯಾಕ್ಷನ್‌ಗೆ ಸಾಮಾನ್ಯವಾಗಿ 5 ಕೆ.ಜಿ.ಗಿಂತ ಜಾಸ್ತಿ ಹಾಕುವುದಿಲ್ಲ. ಹಾಕಿದರೆ ಎಳೆಯಲು ಚರ್ಮಕ್ಕೆ ಅಂಟಿಸಿದ ಪಟ್ಟಿ ಜಾರುತ್ತದೆ, ಚರ್ಮ ಕಿತ್ತು ಬರುತ್ತದೆ.

ಜೊತೆ ಓದುವವನು:

ನಾನು ಹಾಸನದವನು. ಇದೇ ಕೋರ್ಸ್, ಬೇರೆ ಕಾಲೇಜು. ಥಾಮಸ್ ಸ್ಪ್ಲಿಂಟ್ (ಮುರಿದ ತೊಡೆಯನ್ನು ಹಿಡಿದಿಡುವ, ರಿಂಗ್ ಇರುವ ಕಬ್ಬಿಣದ ಚೌಕಟ್ಟು) ಅಳತೆಯಲ್ಲಿ ನನಗೆ ಯಾವಾಗಲೂ ಗೊಂದಲ. ಯಾರಾದರೂ ಬಿಡಿಸಿ ಹೇಳುತ್ತೀರಾ?

ಹಳೇ ಕೈ:

ಎರಡೇ ಅಳತೆ, ತಮ್ಮಾ. ರಿಂಗ್‌ಗೆ ತೊಡೆಯ ಬುಡದ ಸುತ್ತಳತೆ, ಅದಕ್ಕೆ 2 ಇಂಚು ಸೇರಿಸಿ. ಉದ್ದಕ್ಕೆ ತೊಡೆಸಂದಿನಿಂದ ಹಿಮ್ಮಡಿವರೆಗೆ, ಅದಕ್ಕೆ 6 ಇಂಚು ಸೇರಿಸಿ. 2 ಇಂಚು ಯಾಕೆ? ತೊಡೆ ಊದುತ್ತದೆ, ಅದಕ್ಕೆ. 6 ಇಂಚು ಯಾಕೆ? ಪಾದದ ಆಚೆ ಹಗ್ಗ ಕಟ್ಟಿ ಎಳೆಯಲು ಜಾಗ ಬೇಕು, ಪಾದ ಆಡಿಸಲೂ ಜಾಗ ಬೇಕು. ಅಳತೆಯನ್ನು ಒಳ್ಳೆ ಕಾಲಿನಲ್ಲಿ ತೆಗೆದುಕೊಳ್ಳಿ. ಮುರಿದ ಕಾಲು ಗಿಡ್ಡವಾಗಿರುತ್ತದೆ, ಮುಟ್ಟಿದರೆ ನೋವೂ ಆಗುತ್ತದೆ.

ರಿಂಗ್ ಒರಗುವುದು ಕೂರುವ ಮೂಳೆಗೆ. ಅಲ್ಲಿಂದಲೇ ಎದುರು ಎಳೆತ ಸಿಗುತ್ತದೆ. ರಿಂಗ್ ಕೆಳಗಿನ ಚರ್ಮವನ್ನು ದಿನಾ ಸರಿಸಿ ನೋಡಬೇಕು, ಒಣಗಿಸಬೇಕು. ಲಿವರ್‌ಪೂಲ್‌ನ ಹ್ಯೂ ಓವೆನ್ ಥಾಮಸ್ ಇದನ್ನು ಮಾಡಿದ್ದು ಮೊಣಕಾಲಿನ ಟಿಬಿ ರೋಗಿಗಳಿಗೆ. ತೊಡೆ ಮೂಳೆ ಮುರಿದ ಸೈನಿಕರಿಗೆ ಅದನ್ನು ಬಳಸಿದ್ದು ಮೊದಲ ಮಹಾಯುದ್ಧದಲ್ಲಿ, ಅವರ ಹೆಂಡತಿಯ ಸೋದರಳಿಯ ರಾಬರ್ಟ್ ಜೋನ್ಸ್ ಒತ್ತಾಯದಿಂದ. ಎಷ್ಟೋ ಜೀವ ಉಳಿಯಿತು. ಮುರಿದ ತೊಡೆ ಅಲುಗಾಡಿದಷ್ಟೂ ಒಳಗೆ ರಕ್ತ ಸೋರುತ್ತದೆ. ಆ ಕಬ್ಬಿಣದ ಚೌಕಟ್ಟು ಅದನ್ನು ನಿಲ್ಲಿಸಿತು.

ವಾರ್ಡ್ ಸಿಸ್ಟರ್:

ಇಷ್ಟು ಹೊತ್ತು ಓದುತ್ತಿದ್ದೆ. ಒಂದು ವಿಷಯ ಯಾರೂ ಇನ್ನೂ ಎತ್ತಿಲ್ಲ. ಪರೀಕ್ಷೆಗೂ ಅದೇ ಮುಖ್ಯ, ಕೆಲಸಕ್ಕೂ ಅದೇ ಮುಖ್ಯ.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷದ ಮಾತು. ಆಸ್ಪತ್ರೆ ಹೆಸರು ಬೇಡ. ಏಳು ವರ್ಷದ ಹುಡುಗ, ಸೀಬೆ ಮರದಿಂದ ಬಿದ್ದು ಮೊಣಕೈ ಮೇಲೆ ಮುರಿದುಕೊಂಡಿದ್ದ. ಸಂಜೆ ಸ್ಲ್ಯಾಬ್ ಹಾಕಿ ವಾರ್ಡ್‌ಗೆ ಕಳಿಸಿದರು. ರಾತ್ರಿ ಪೂರ್ತಿ ಅತ್ತ. ಮುರಿದರೆ ನೋವಿರುತ್ತದೆ ಅಂತ ಎಲ್ಲರೂ ಅಂದುಕೊಂಡೆವು. ನಾನೂ ಅಂದುಕೊಂಡೆ. ನೋವಿನ ಔಷಧಿ ಕೊಟ್ಟೆ. ನಾಡಿ ಸಿಗುತ್ತಿತ್ತು, ಬೆರಳು ಬೆಚ್ಚಗಿತ್ತು. ಅದಕ್ಕೇ ಧೈರ್ಯ ಮಾಡಿಕೊಂಡೆ. ಬೆಳಿಗ್ಗೆ ಡಾಕ್ಟರ್ ಬಂದು ಬೆರಳನ್ನು ಮೆಲ್ಲಗೆ ನೆಟ್ಟಗೆ ಮಾಡಿದರು. ಹುಡುಗ ಕಿರುಚಿದ. ತಕ್ಷಣ ಕಟ್ಟು ಬಿಚ್ಚಿ ಆಪರೇಷನ್‌ಗೆ ಒಯ್ದರು. ಕೈ ಉಳಿಯಿತು. ಆದರೆ ಬೆರಳುಗಳು ಮಡಚಿಕೊಂಡೇ ಉಳಿದವು. ಆ ಅಮ್ಮನ ಮುಖ ಇವತ್ತಿಗೂ ಮರೆತಿಲ್ಲ.

ಇದನ್ನೇ ಪುಸ್ತಕ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಅನ್ನುತ್ತದೆ. ಸ್ನಾಯುಗಳ ಸುತ್ತ ಗಟ್ಟಿ ಪೊರೆ ಇದೆ. ಒಳಗೆ ಊತ ಬಂದರೆ ಒತ್ತಡ ಏರುತ್ತದೆ, ಸಣ್ಣ ರಕ್ತನಾಳ ಮುಚ್ಚುತ್ತದೆ, ಸ್ನಾಯು ಸಾಯುತ್ತದೆ. ಆರು ಗಂಟೆ ದಾಟಿದರೆ ಹೋದ ಸ್ನಾಯು ಹೋದ ಹಾಗೇ. ಪುಸ್ತಕದಲ್ಲಿ ಇಂಗ್ಲಿಷ್ ಪಿ ಅಕ್ಷರದಿಂದ ಶುರುವಾಗುವ ಲಕ್ಷಣಗಳ ಪಟ್ಟಿ ಇದೆ: ನೋವು, ಬಿಳಿಚುವುದು, ಜೋಮು, ಬೆರಳು ಆಡಿಸಲಾಗದಿರುವುದು, ನಾಡಿ ಸಿಗದಿರುವುದು. ಪಟ್ಟಿ ಬರೆದರೆ ಅಂಕ ಬರುತ್ತದೆ. ಆದರೆ ಇದನ್ನು ಗೆರೆ ಎಳೆದು ಬರೆಯಿರಿ: ಮೊದಲು ಬರುವುದು ನೋವು. ಮುರಿತಕ್ಕೆ ಮೀರಿದ ನೋವು, ಔಷಧಿಗೆ ಇಳಿಯದ ನೋವು, ಬೆರಳು ಬಿಡಿಸಿದರೆ ಏರುವ ನೋವು. ನಾಡಿ ಹೋಗುವುದು ಕೊನೆಗೆ. ನಾಡಿ ಇದೆ ಅಂತ ಸುಮ್ಮನಿರಬಾರದು.

ಹಳೇ ಕೈ:

ಅಕ್ಕಾ, ಇದನ್ನು ಬರೆಯಲು ಮನಸ್ಸು ಗಟ್ಟಿ ಬೇಕು. ಒಳ್ಳೆಯ ಕೆಲಸ ಮಾಡಿದಿರಿ.

ತಂಗಿ, ಇದರ ಮುಂದಿನ ಭಾಗ ಟೆಕ್ನಿಷಿಯನ್‌ದು. ಕಟ್ಟು ಬಿಗಿ ಅನಿಸಿದರೆ ಏನು ಮಾಡುತ್ತೀರಿ ಅಂತ ಕೇಳುತ್ತಾರೆ. ಡಾಕ್ಟರಿಗೆ ತಕ್ಷಣ ಹೇಳುತ್ತೇನೆ, ಪ್ಲಾಸ್ಟರನ್ನು ಉದ್ದಕ್ಕೂ ಸೀಳುತ್ತೇನೆ, ಒಳಗಿನ ಹತ್ತಿಯನ್ನೂ ಚರ್ಮ ಕಾಣುವವರೆಗೆ ಕತ್ತರಿಸುತ್ತೇನೆ ಅನ್ನಬೇಕು. ಈ ಕೊನೆ ಮಾತು ಬಿಟ್ಟರೆ ಉತ್ತರ ಅರ್ಧ. ರಕ್ತದಲ್ಲಿ ನೆನೆದು ಒಣಗಿದ ಹತ್ತಿ ದಾರದ ಹಾಗೆ ಬಿಗಿಯುತ್ತದೆ. ಪ್ಲಾಸ್ಟರ್ ಮಾತ್ರ ಸೀಳಿ ಹತ್ತಿ ಬಿಟ್ಟರೆ ಏನೂ ಪ್ರಯೋಜನವಿಲ್ಲ. ಕೈಯನ್ನು ಎದೆಯ ಮಟ್ಟದಲ್ಲಿ ಇಡಬೇಕು. ಬರೀ ಊತ ಇದ್ದರೆ ಎತ್ತರಕ್ಕೆ ಎತ್ತುತ್ತೇವೆ ನಿಜ. ಆದರೆ ಈ ಅನುಮಾನ ಇದ್ದಾಗ ಜಾಸ್ತಿ ಎತ್ತಿದರೆ ಒಳಗೆ ಹೋಗುವ ರಕ್ತ ಇನ್ನೂ ಕಡಿಮೆಯಾಗುತ್ತದೆ.

ಹೊಸ ಮುರಿತಕ್ಕೆ ಮೊದಲು ಸ್ಲ್ಯಾಬ್ ಯಾಕೆ, ಸುತ್ತು ಪ್ಲಾಸ್ಟರ್ ಯಾಕಲ್ಲ ಅನ್ನುವ ಪ್ರಶ್ನೆಗೂ ಇದೇ ಉತ್ತರ. ಊತಕ್ಕೆ ಜಾಗ ಬೇಕು.

ನಾಟಿ ಕಟ್ಟು ಕಟ್ಟಿಸಿಕೊಂಡು ಬರುವವರೂ ಇದ್ದಾರೆ. ಬಿದಿರು ಪಟ್ಟಿ ಬಿಗಿದು, ಬೆರಳು ಕಪ್ಪಾದ ಮೇಲೆ ಬಂದವರನ್ನು ನೋಡಿದ್ದೇನೆ. ಅವರನ್ನು ಬೈಯಬೇಡಿ. ಬೈದರೆ ಮುಂದಿನ ಸಲ ಇನ್ನೂ ತಡವಾಗಿ ಬರುತ್ತಾರೆ.

ಬೆಟ್ಟದ ಹುಡುಗಿ:

ಸಿಸ್ಟರ್, ನಿಮ್ಮ ಮಾತನ್ನು ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆದುಕೊಂಡಿದ್ದೇನೆ.

ನಮ್ಮ ಕಡೆ ಎಲ್ಲರೂ ಪ್ಲಾಸ್ಟರ್‌ಗೆ ‘ಮಾವು ಕಟ್ಟು’ ಅನ್ನುತ್ತಾರೆ. ತಮಿಳಿನಲ್ಲಿ ಮಾವು ಅಂದರೆ ಹಿಟ್ಟು. ಇವತ್ತು ಒಬ್ಬ ತಾತ ಕೇಳಿದರು, ಈ ಹಿಟ್ಟು ಯಾಕಮ್ಮಾ ಬಿಸಿಯಾಗುತ್ತದೆ, ನೀರು ತಣ್ಣಗೇ ಇತ್ತಲ್ಲ ಅಂತ. ನನಗೆ ಗೊತ್ತಿದ್ದದ್ದು ಅರ್ಧ. ಅಣ್ಣಾ, ಹೇಳುತ್ತೀರಾ?

ಹಳೇ ಕೈ:

ತಾತ ಒಳ್ಳೇ ಪ್ರಶ್ನೆ ಕೇಳಿದ್ದಾರೆ. ಇದು ಪರೀಕ್ಷೆಯಲ್ಲೂ ಬರುವ ಪ್ರಶ್ನೆ.

ನೆಲದಲ್ಲಿ ಸಿಗುವ ಜಿಪ್ಸಮ್ ಕಲ್ಲನ್ನು ಕಾಯಿಸಿದರೆ ಅದರೊಳಗಿನ ನೀರಿನ ಹೆಚ್ಚಿನ ಪಾಲು ಹಾರಿ ಹೋಗಿ ಪುಡಿಯಾಗುತ್ತದೆ. ಪ್ಯಾರಿಸ್ ಊರಲ್ಲಿ ಈ ಕಲ್ಲು ಧಾರಾಳ ಸಿಗುತ್ತಿತ್ತು, ಅದಕ್ಕೇ ಪ್ಲಾಸ್ಟರ್ ಆಫ್ ಪ್ಯಾರಿಸ್. ಪುಡಿಗೆ ನೀರು ಕೊಟ್ಟರೆ ಅದು ಮತ್ತೆ ಕಲ್ಲಾಗುತ್ತದೆ. ಕಾಯಿಸುವಾಗ ಒಳಗೆ ಹೋದ ಶಾಖ ಆಗ ಹೊರಗೆ ಬರುತ್ತದೆ. ಬ್ಯಾಂಡೇಜ್‌ಗೆ ಈ ಪುಡಿ ಉಜ್ಜಿ ಕಟ್ಟುವ ವಿಧಾನವನ್ನು ಕಂಡುಕೊಂಡವರು ಡಚ್ ಸೇನೆಯ ವೈದ್ಯ ಆಂಟೋನಿಯಸ್ ಮಥೈಸನ್, 1851ರಲ್ಲಿ.

ಈಗ ಇದರಿಂದ ಏನೇನು ಹೊರಡುತ್ತದೆ ನೋಡಿ. ಬಿಸಿ ನೀರು ಹಾಕಿದರೆ ಬೇಗ ಗಟ್ಟಿಯಾಗುತ್ತದೆ, ಜಾಸ್ತಿ ಬಿಸಿಯಾಗುತ್ತದೆ, ಚರ್ಮ ಸುಡಬಹುದು. ಆದ್ದರಿಂದ ಉಗುರುಬೆಚ್ಚಗಿನದಕ್ಕಿಂತಲೂ ಕಡಿಮೆ ಬಿಸಿಯ ನೀರು. ಪದರ ಹೆಚ್ಚಾದಷ್ಟೂ ಶಾಖ ಹೆಚ್ಚು. ಕೈಗೆ 8ರಿಂದ 10 ಪದರ, ಕಾಲಿಗೆ 12ರಿಂದ 14 ಸಾಕು. ಹಸಿ ಪ್ಲಾಸ್ಟರನ್ನು ದಪ್ಪ ದಿಂಬಿನಲ್ಲಿ ಹೂತಿಟ್ಟರೆ ಶಾಖ ಹೊರಹೋಗಲು ದಾರಿ ಇರುವುದಿಲ್ಲ. ಕಂಬಳಿ ಹೊದಿಸಬಾರದು. ಹಿಂದಿನ ರೋಗಿಗೆ ಬಳಸಿದ ಬಕೆಟ್ ನೀರನ್ನೇ ಬಳಸಿದರೆ ತಳದಲ್ಲಿರುವ ಪ್ಲಾಸ್ಟರ್ ಕಣಗಳಿಂದ ಹೊಸದು ಬೇಗ ಗಟ್ಟಿಯಾಗುತ್ತದೆ. ನೀರು ಬದಲಿಸಿ.

ಗುಳ್ಳೆ ಬರುವುದು ನಿಂತಾಗ ಬ್ಯಾಂಡೇಜ್ ಎತ್ತಿ. ಎರಡು ತುದಿಯಿಂದ ನಡುವೆಗೆ ಮೆಲ್ಲಗೆ ಒತ್ತಿ, ಬಟ್ಟೆ ಹಿಂಡುವ ಹಾಗೆ ಹಿಂಡಬೇಡಿ. ಸುತ್ತುವಾಗ ಹಿಂದಿನ ಸುತ್ತಿನ ಅರ್ಧ ಮುಚ್ಚುತ್ತ ಹೋಗಿ. ಹಸಿ ಇರುವಾಗ ಅಂಗೈಯಲ್ಲಿ ಹಿಡಿಯಿರಿ, ಬೆರಳ ತುದಿಯಲ್ಲಿ ಹಿಡಿಯಬೇಡಿ. ಬೆರಳು ಊರಿದ ಗುಳಿ ಒಳಗೆ ಗುಬುಟಾಗುತ್ತದೆ. ಮೂರು ದಿನಕ್ಕೆ ಅಲ್ಲಿ ಹುಣ್ಣು. ಕೆಲವೇ ನಿಮಿಷದಲ್ಲಿ ಗಟ್ಟಿ ಅನಿಸುತ್ತದೆ, ಆದರೆ ಪೂರ್ತಿ ಒಣಗಲು 24ರಿಂದ 72 ಗಂಟೆ ಬೇಕು. ಗಟ್ಟಿಯಾಗುವುದು ಬೇರೆ, ಒಣಗುವುದು ಬೇರೆ. ಈ ಎರಡರ ವ್ಯತ್ಯಾಸ ಕೇಳಿದರೆ ಇಷ್ಟನ್ನೂ ಹೇಳಿ.

ಒಹಾಯೋ ಕನ್ನಡತಿ:

ಅಮೆರಿಕದಿಂದ ಬರೆಯುತ್ತಿದ್ದೇನೆ. ಊರು ಶಿವಮೊಗ್ಗ. ಇಲ್ಲಿ ಆರ್ಥೋ ಕ್ಲಿನಿಕ್ ಒಂದರಲ್ಲಿ ಕೆಲಸ. ಇಲ್ಲಿಯೂ ನಮ್ಮ ಕೆಲಸಕ್ಕೆ ಸರ್ಟಿಫಿಕೇಟ್ ಪರೀಕ್ಷೆ ಇದೆ, ಒಟಿಸಿ ಅನ್ನುತ್ತಾರೆ. ಮುಂದೆ ಯಾರಾದರೂ ಈ ಕಡೆ ಬರುವ ಯೋಚನೆ ಇದ್ದರೆ ಒಂದು ಎಚ್ಚರಿಕೆ. ಪರೀಕ್ಷೆ ನಡೆಸುವ ಸಂಸ್ಥೆಯ ಹೆಸರು ಚಿಕ್ಕದಾಗಿ ಎನ್‌ಬಿಸಿಒಟಿ. ಆಕ್ಯುಪೇಷನಲ್ ಥೆರಪಿಯವರ ಪರೀಕ್ಷಾ ಮಂಡಳಿಗೂ ಅದೇ ನಾಲ್ಕೈದು ಅಕ್ಷರ. ಹುಡುಕಿದರೆ ಮೊದಲು ಸಿಗುವುದು ಅವರದೇ. ನಾನು ದುಡ್ಡು ಕೊಟ್ಟು ಅವರ ಪ್ರಶ್ನೆ ಪುಸ್ತಕ ತರಿಸಿಕೊಂಡು ಎರಡು ವಾರ ಓದಿದ್ದೆ. ಪೂರ್ತಿ ಹೆಸರು ನೋಡಿ, ಆರ್ಥೋಪೆಡಿಕ್ ಟೆಕ್ನಾಲಜಿಸ್ಟ್ಸ್ ಅಂತ ಇರಬೇಕು.

ಇಲ್ಲಿ ಫೈಬರ್‌ಗ್ಲಾಸ್ ಬಳಕೆ ಜಾಸ್ತಿ. ಕೈಗವಸು ಇಲ್ಲದೆ ಮುಟ್ಟಬಾರದು, ಅಂಟು ಚರ್ಮಕ್ಕೆ ಹಿಡಿದರೆ ಬಿಡುವುದಿಲ್ಲ. ಹಗುರ, ಅರ್ಧ ಗಂಟೆಯಲ್ಲಿ ಭಾರ ತಡೆಯುತ್ತದೆ. ಆದರೆ ಮೂಳೆಗೆ ತಕ್ಕ ಆಕಾರ ಕೊಡಲು ಪಿಒಪಿಯೇ (ಪ್ಲಾಸ್ಟರ್ ಆಫ್ ಪ್ಯಾರಿಸ್) ಉತ್ತಮ. ಎರಡರ ಹೋಲಿಕೆ ಎಲ್ಲ ದೇಶದ ಪರೀಕ್ಷೆಯಲ್ಲೂ ಬರುತ್ತದೆ ಅನಿಸುತ್ತದೆ.

ಪ್ಲಾಸ್ಟರ್ ಕತ್ತರಿಸುವ ಕಟರ್ ಬಗ್ಗೆಯೂ ಓದಿಕೊಳ್ಳಿ. ಅದರ ಬ್ಲೇಡ್ ಗಿರಗಿರ ತಿರುಗುವುದಿಲ್ಲ, ಅತ್ತಿತ್ತ ಅದುರುತ್ತದೆ. ಚರ್ಮ ಅದರ ಜೊತೆಗೇ ಅಲುಗುವುದರಿಂದ ಕೊಯ್ಯುವುದಿಲ್ಲ. ಹಾಗಂತ ಎಳೆದುಕೊಂಡು ಹೋದರೆ ಕೊಯ್ಯುತ್ತದೆ. ಒತ್ತು, ಎತ್ತು, ಮುಂದೆ ಸರಿ, ಮತ್ತೆ ಒತ್ತು. ಬ್ಲೇಡ್ ಬಿಸಿಯಾದರೆ ನಿಲ್ಲಿಸಿ. ಮಕ್ಕಳಿಗೆ ಮೊದಲು ನಿಮ್ಮ ಅಂಗೈ ಮೇಲೆ ಮೆಲ್ಲಗೆ ತಾಗಿಸಿ ತೋರಿಸಿ.

ಪುಟ್ಟಿಯ ಅಮ್ಮ:

ನಾನು ಈ ಕೆಲಸದವಳಲ್ಲ. ನನ್ನ ಮಗಳು ಸೊಟ್ಟ ಪಾದದಲ್ಲಿ ಹುಟ್ಟಿದಳು. ಪೊನ್ಸೆಟಿ ವಿಧಾನದಲ್ಲಿ ಆರು ವಾರ ಆರು ಪ್ಲಾಸ್ಟರ್ ಹಾಕಿದರು, ತೊಡೆವರೆಗೆ. ಆಮೇಲೆ ಹಿಮ್ಮಡಿಯ ನರವನ್ನು ಸಣ್ಣಗೆ ಕೊಯ್ದು ಮೂರು ವಾರ ಕೊನೆಯ ಪ್ಲಾಸ್ಟರ್. ಮೂರು ತಿಂಗಳು ದಿನಕ್ಕೆ 23 ಗಂಟೆ ಬ್ರೇಸ್, ಈಗ ರಾತ್ರಿ ಮಾತ್ರ. ಈಗ ಅವಳು ಮನೆ ತುಂಬ ಓಡಾಡುತ್ತಾಳೆ.

ಡಾಕ್ಟರ್ ಪಾದ ಹಿಡಿಯುತ್ತಿದ್ದರು, ಪ್ಲಾಸ್ಟರ್ ಸುತ್ತುತ್ತಿದ್ದವರು ಟೆಕ್ನಿಷಿಯನ್ ಅಣ್ಣ. ಸುತ್ತುತ್ತ ಅವಳಿಗೆ ಹಾಡು ಹೇಳುತ್ತಿದ್ದರು. ಒಂದು ಸಲ ನಾನು ಹಿಂದಿನ ರಾತ್ರಿಯೇ ಮನೆಯಲ್ಲಿ ನೆನೆಸಿ ಬಿಚ್ಚಿಕೊಂಡು ಹೋಗಿದ್ದೆ. ಒಂದು ರಾತ್ರಿಯಲ್ಲೇ ಪಾದ ಸ್ವಲ್ಪ ಹಿಂದಕ್ಕೆ ಹೋಗಿಬಿಡುತ್ತದೆ ಅಂತ ಅವರು ತಾಳ್ಮೆಯಿಂದ ವಿವರಿಸಿದರು. ನೀವು ಪಾಸಾದ ಮೇಲೆ ನಮ್ಮಂಥ ತಾಯಂದಿರಿಗೆ ಇದನ್ನು ಮೊದಲ ದಿನವೇ ಹೇಳಿ.

ಆರ್ಥೋ ಪಿಜಿ:

ಅಮ್ಮಾ, ತುಂಬ ಉಪಯೋಗದ ಮಾತು. ಒಂದು ಸಣ್ಣ ತಿದ್ದುಪಡಿ, ಕೊಯ್ಯುವುದು ನರವಲ್ಲ, ಅಕಿಲಿಸ್ ಸ್ನಾಯುರಜ್ಜು. ಆಡುಮಾತಿನಲ್ಲಿ ಎಲ್ಲರೂ ನರ ಅನ್ನುತ್ತಾರೆ, ಪರೀಕ್ಷೆ ಬರೆಯುವವರು ಗಮನಿಸಲಿ ಅಂತ ಹೇಳಿದೆ.

ಪೊನ್ಸೆಟಿಯಲ್ಲಿ ಟೆಕ್ನಿಷಿಯನ್‌ಗೆ ಕೇಳುವ ಮುಖ್ಯ ಪ್ರಶ್ನೆ ಮೊದಲ ಪ್ಲಾಸ್ಟರ್. ಒಳಕ್ಕೆ ತಿರುಗಿದ ಪಾದವನ್ನು ಕಂಡರೆ ಕೈ ತಾನಾಗಿ ಹೊರಕ್ಕೆ ತಿರುಚಲು ಹೋಗುತ್ತದೆ. ಅದೇ ತಪ್ಪು. ಮೊದಲು ಹೆಬ್ಬೆರಳಿನ ಕಡೆಯನ್ನು ಮೇಲಕ್ಕೆ ಎತ್ತಿ ಪಾದದ ಕಮಾನು ಸರಿ ಮಾಡಬೇಕು. ಆಮೇಲೆ ಪಾದವನ್ನು ಹೊರಕ್ಕೆ ತರುವಾಗ ಪಾದದ ಕೀಲಿನ ಟೇಲಸ್ ಮೂಳೆಯ ತಲೆಗೆ ಹೆಬ್ಬೆರಳು ಆನಿಸಿರಬೇಕು. ಹಿಮ್ಮಡಿ ಮುಟ್ಟಬಾರದು.

ಜೊತೆ ಓದುವವನು:

ನನ್ನದು ಒಂದು ಸಣ್ಣ ಸಹಾಯ. ಮಾಂಟೇಜಿಯಾ, ಗೆಲಿಯಾಟ್ಸಿ ಅನ್ನುವ ಎರಡು ಮುಂಗೈ ಮುರಿತಗಳನ್ನು ಅದಲು ಬದಲು ಮಾಡುತ್ತಿದ್ದೆ. ಈಗ ‘ಮುಗ್ರ’ (ಇಂಗ್ಲಿಷ್‌ನ ಎಂ-ಯು, ಜಿ-ಆರ್) ಅಂತ ನೆನಪಿಡುತ್ತೇನೆ. ಮಾಂಟೇಜಿಯಾಗೆ ಅಲ್ನಾ (ಮುಂಗೈಯ ಕಿರುಬೆರಳ ಕಡೆಯ ಮೂಳೆ), ಗೆಲಿಯಾಟ್ಸಿಗೆ ರೇಡಿಯಸ್. ಮುರಿದ ಮೂಳೆ ಗೊತ್ತಾದರೆ ಕೀಲು ತಪ್ಪಿದ್ದು ಇನ್ನೊಂದು ಮೂಳೆಯದು. ಮಾಂಟೇಜಿಯಾದಲ್ಲಿ ಮೊಣಕೈ ಹತ್ತಿರ, ಗೆಲಿಯಾಟ್ಸಿಯಲ್ಲಿ ಮಣಿಕಟ್ಟಿನ ಹತ್ತಿರ.

ಬೆಟ್ಟದ ಹುಡುಗಿ:

ನಿನ್ನೆ ಪರೀಕ್ಷೆ ಮುಗಿಯಿತು. ಫಲಿತಾಂಶ ಇನ್ನೂ ಬಂದಿಲ್ಲ. ಆದರೂ ಬರೆಯದೆ ಇರಲಾಗಲಿಲ್ಲ.

ಥಿಯರಿಯಲ್ಲಿ ಪಿಒಪಿ ಬಗ್ಗೆ ದೊಡ್ಡ ಪ್ರಶ್ನೆ ಬಂತು. ತಾತನ ಪ್ರಶ್ನೆಯೇ ಬಂದ ಹಾಗಾಯಿತು. ನನ್ನ ಇಂಗ್ಲಿಷ್ ಚಿಕ್ಕ ಚಿಕ್ಕ ವಾಕ್ಯ, ಜೊತೆಗೆ ಚಿತ್ರ ಬಿಡಿಸಿದೆ. ಥಾಮಸ್ ಸ್ಪ್ಲಿಂಟ್ ಅಳತೆಯನ್ನೂ ಚಿತ್ರದಲ್ಲೇ ತೋರಿಸಿದೆ.

ಪ್ರಾಕ್ಟಿಕಲ್‌ಗೆ ಮೊಣಕಾಲ ಕೆಳಗಿನ ಪ್ಲಾಸ್ಟರ್. ಕೋಲೀಸ್‌ಗೆ ಎಷ್ಟು ತಯಾರಾಗಿದ್ದೆ, ಅದು ಬರಲೇ ಇಲ್ಲ! ಪಾದ ಯಾಕೆ 90 ಡಿಗ್ರಿಯಲ್ಲಿ ಇಟ್ಟೆ ಅಂತ ಕೇಳಿದರು. ಇದು ಇಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಒಂದು ಕ್ಷಣ ಗಾಬರಿಯಾಯಿತು. ಆಮೇಲೆ ಅಣ್ಣನ ನಾಲ್ಕು ಪ್ರಶ್ನೆ ನೆನಪು ಮಾಡಿಕೊಂಡೆ. ಪಾದ ಕೆಳಗೆ ಇಳಿಬಿದ್ದರೆ ಹಿಂದಿನ ಸ್ನಾಯುರಜ್ಜು ಗಿಡ್ಡವಾಗುತ್ತದೆ, ಪ್ಲಾಸ್ಟರ್ ತೆಗೆದ ಮೇಲೆ ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲ, ನಡೆಯಲು ಆಗುವುದಿಲ್ಲ ಅಂದೆ. ಮೇಲಿನ ಅಂಚು ಎಲ್ಲಿ ನಿಲ್ಲಿಸಿದೆ ಅಂತ ಕೇಳಿದರು. ಕಾಲಿನ ಹೊರಬದಿಯ ತೆಳು ಮೂಳೆ ಫಿಬುಲಾದ ಕತ್ತಿನಿಂದ ಎರಡು ಬೆರಳು ಕೆಳಗೆ, ಅಲ್ಲಿ ಪೆರೋನಿಯಲ್ ನರ ಮೂಳೆಗೆ ಅಂಟಿಕೊಂಡೇ ಹೋಗುತ್ತದೆ, ಒತ್ತಿದರೆ ಪಾದ ಎತ್ತಲು ಬರುವುದಿಲ್ಲ ಅಂದೆ. ಸರ್ ತಲೆಯಾಡಿಸಿದರು.

ಆಯಿತು ಹೋಗು ಅಂದರು. ನಾನು ಹೋಗಲಿಲ್ಲ. ರೋಗಿಯಾಗಿ ಕೂತಿದ್ದ ಅಟೆಂಡರ್ ಅಣ್ಣನ ಕಾಲ್ಬೆರಳು ಆಡಿಸಲು ಹೇಳಿದೆ, ಉಗುರು ಒತ್ತಿ ಬಣ್ಣ ಮರಳುವುದನ್ನು ನೋಡಿದೆ, ಮುಟ್ಟಿದ್ದು ಗೊತ್ತಾಗುತ್ತದಾ ಅಂತ ಕೇಳಿದೆ. ರಾತ್ರಿ ನೋವು ಜಾಸ್ತಿಯಾದರೆ, ಬೆರಳು ಜೋಮು ಹಿಡಿದರೆ ಬೆಳಗಾಗುವವರೆಗೆ ಕಾಯಬೇಡಿ, ಆಗಲೇ ಬನ್ನಿ ಅಂದೆ. ತುರಿಸಿದರೆ ಒಳಗೆ ಕಡ್ಡಿ ಹಾಕಬೇಡಿ ಅಂದೆ. ಊರುಗೋಲು ಕಂಕುಳಿಗೆ ಎರಡು ಬೆರಳು ಕೆಳಗಿರಲಿ, ಭಾರ ಅಂಗೈ ಮೇಲಿರಲಿ, ಮೆಟ್ಟಿಲು ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ಪ್ಲಾಸ್ಟರ್ ಕಾಲು ಮೊದಲು ಅಂದೆ. ಎಲ್ಲವನ್ನೂ ತಮಿಳಿನಲ್ಲೇ ಹೇಳಿದೆ. ಇದನ್ನು ಯಾರು ಹೇಳಿಕೊಟ್ಟರು ಅಂತ ಸರ್ ಕೇಳಿದರು. ಒಬ್ಬರು ವಾರ್ಡ್ ಸಿಸ್ಟರ್ ಅಂದೆ.

ವಾರ್ಡ್ ಸಿಸ್ಟರ್:

ತಂಗೀ, ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಕೂತು ಓದಿದೆ. ಏನು ಬರೆಯಲಿ ತಿಳಿಯುತ್ತಿಲ್ಲ. ನನಗೆ ತುಂಬ ಸಮಾಧಾನವಾಯಿತು.

ಜೊತೆ ಓದುವವನು:

ಅಕ್ಕಾ, ನನ್ನ ಪ್ರಾಕ್ಟಿಕಲ್ ಮುಂದಿನ ಗುರುವಾರ. ನಿಮ್ಮ ನೋಟ್‌ಬುಕ್‌ನ ಫೋಟೋ ಹಾಕುತ್ತೀರಾ? ಕನ್ನಡದಲ್ಲೇ ಇರಲಿ, ನನಗೆ ಅದೇ ಬೇಕು.

ಬೆಟ್ಟದ ಹುಡುಗಿ:

ಹಾಕುತ್ತೇನೆ ತಮ್ಮಾ. 41 ಪ್ಲಾಸ್ಟರ್ ಇದೆ, ಒಂದೊಂದಕ್ಕೆ ಒಂದು ಪುಟ. ರೋಗಿಗಳ ಹೆಸರು ಬರೆದಿಲ್ಲ. ಮೊದಲ ಪುಟ ಮಾತ್ರ ಸಿಸ್ಟರ್‌ದು. ಅದನ್ನು ಓದದೆ ಮುಂದಕ್ಕೆ ಹೋಗಬೇಡ.